ಪಿನ್ನಮ್ಮ ಮುಚ್ಚಿಟ್ಟ ಕೊನೆಗಳು

ಹೆಂಗಸರ ಕಾದಂಬರಿ ಎಂದರೆ ಮೂಗು ಮುರಿಯುವವರನ್ನು ಕಂಡರೆ ಪಿನ್ನಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಉರಿಯಬೇಕಾದದ್ದೇ. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಅವಳ ವಾಚನಾಲಯದ ಬಾಗಿಲು ತೆಗೆಯುವ ಮೊದಲೇ ಗಂಡಸರು ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಒಂದೇ ಪತ್ರಿಕೆಯ ಕ್ರೀಡಾಪುಟವನ್ನು ಸಂಜೆಯವರೆಗೆ ಕೈಯಿಂದ ಕೈಗೆ ದಾಟಿಸಿ, ನಿನ್ನೆ ಟೀವಿಯಲ್ಲಿ ಸೋತ ಪಂದ್ಯವನ್ನು ಇನ್ನೊಮ್ಮೆ ಸೋತು ಎದ್ದುಹೋಗುತ್ತಿದ್ದರು. ಅದು ಜ್ಞಾನಾರ್ಜನೆ. ರಾತ್ರಿಪಾಳಿ ಮುಗಿಸಿದ ನರ್ಸ್ ಒಬ್ಬಳು ಮನೆಗೆ ಹೋಗುವ ದಾರಿಯಲ್ಲಿ ಮೆಟ್ಟಿಲು ಹತ್ತಿ ಬಂದು ಒಂದು ಕಾದಂಬರಿ ಕೇಳಿದರೆ ಅದು ಕಾಲಹರಣ. ಈ ಲೆಕ್ಕವನ್ನು ಯಾರು ಹಾಕಿಟ್ಟರೋ ಅವರು ಕೈಗೆ ಸಿಕ್ಕರೆ ಒಂದು ಮಾತು ಕೇಳಬೇಕೆಂದು ಪಿನ್ನಮ್ಮ ಕಾದಿದ್ದಳು.

ಅವಳ ಕೆಲಸ ಪುಸ್ತಕ ಕೊಡುವುದು, ವಾಪಸು ತೆಗೆದುಕೊಳ್ಳುವುದು. ಕಿಟಕಿಯ ಪಕ್ಕದ ಮೇಜು, ಒಂದು ಕಾಲು ಕುಂಟುವ ಸ್ಟೂಲು, ಬೆನ್ನಿಗೆ ಹೆಂಗಸರ ಕಾದಂಬರಿಗಳ ಎರಡು ಬೀರು. ಕೆಳಗಿನ ಅಂಗಡಿಯಿಂದ ಬರುವ ರಬ್ಬರಿನ ವಾಸನೆ ಪುಸ್ತಕಗಳಿಗೂ ಹತ್ತಿಕೊಂಡಿತ್ತು. ಮುಂದೆ ಯಾವುದು ಓದಲಿ ಎಂದು ಯಾರಾದರೂ ಬಂದರೆ ಅವಳು ಯಾವ ಲೇಖಕಿ ಇಷ್ಟ, ಯಾವ ಥರದ ಕಥೆ ಇಷ್ಟ ಎಂದೆಲ್ಲ ಕೇಳುತ್ತಿರಲಿಲ್ಲ. ಕೇಳುತ್ತಿದ್ದುದು ಒಂದೇ ಪ್ರಶ್ನೆ.

"ಮನೇಲಿ ಈಗ ಹೇಗಿದೆ?"

ಅತ್ತೆ ಬಂದು ಠಿಕಾಣಿ ಹೂಡಿದ್ದಾರೆ ಎಂದವಳಿಗೆ ಅತ್ತೆ ಸೊಸೆ ಇಬ್ಬರೂ ಸೇರಿ ಬೇಕರಿ ತೆರೆದು ಇಡೀ ಬೀದಿಯ ಬಾಯಿ ಮುಚ್ಚಿಸುವ ಕಾದಂಬರಿ. ಮಗಳು ಮಾತೇ ಬಿಟ್ಟಿದ್ದಾಳೆ ಎಂದವಳಿಗೆ ಮೂವರು ಗೆಳತಿಯರು ಹಳೇ ವ್ಯಾನು ಕೊಂಡು ಊರೂರು ಸುತ್ತುವ, ನಕ್ಕು ನಕ್ಕು ಹೊಟ್ಟೆ ಹುಣ್ಣಾಗಿಸುವ ಕಾದಂಬರಿ. ಏನಿಲ್ಲ, ಎಲ್ಲ ಚೆನ್ನಾಗಿದೆ ಎಂದು ಅವಸರದಲ್ಲಿ ಹೇಳಿದವಳ ಮುಖವನ್ನು ಮಾತ್ರ ಅವಳು ಇನ್ನೊಮ್ಮೆ ನೋಡುತ್ತಿದ್ದಳು. ಅಂಥವಳಿಗೆ ಸೋದರತ್ತೆಯೊಬ್ಬಳು ಇಡೀ ಮನೆತನವನ್ನು ಬೆರಳ ತುದಿಯಲ್ಲಿ ಕುಣಿಸುವ ದಪ್ಪ ಪುಸ್ತಕ. ತೆಗೆದುಕೊಂಡು ಹೋದವರು ಅಪ್ಪಿತಪ್ಪಿಯೂ ಚೆನ್ನಾಗಿಲ್ಲ ಎಂದು ವಾಪಸು ತರುತ್ತಿರಲಿಲ್ಲ.

ಇನ್ನು ಪಿನ್ನಿನ ವಿಷಯ. ಆ ಅಡ್ಡಹೆಸರು ಅವಳಿಗೆ ಸುಮ್ಮನೆ ಬಂದದ್ದಲ್ಲ.

ಬೀರುವಿಗೆ ಬಂದ ಪ್ರತಿ ಕಾದಂಬರಿಯನ್ನೂ ಮೊದಲು ಪಿನ್ನಮ್ಮನೇ ಓದುತ್ತಿದ್ದಳು. ಓದುತ್ತ ಓದುತ್ತ ಖುಷಿಯಾಗಿಯೇ ಇರುತ್ತಿದ್ದಳು. ನಾಯಕಿ ಗಂಡನ ಕಾಟ ತಾಳದೆ ಬ್ಯಾಗು ಹಿಡಿದು ಹೊರಬೀಳುತ್ತಾಳೆ, ಕೆಲಸ ಹುಡುಕುತ್ತಾಳೆ, ತಲೆ ಎತ್ತಿ ನಡೆಯುತ್ತಾಳೆ. ಕೊನೆಯ ಅಧ್ಯಾಯ ಬಂತೋ, ಕೆಟ್ಟಿತು ಕಥೆ. ಗಂಡನಿಗೆ ಜ್ವರ ಬರುತ್ತದೆ. ಜ್ವರದಲ್ಲಿ ಅವಳ ಹೆಸರು ಕನವರಿಸುತ್ತಾನೆ. ಇವಳು ಓಡೋಡಿ ಬಂದು ಹಣೆಯ ಮೇಲೆ ಒದ್ದೆ ಬಟ್ಟೆ ಹಾಕುತ್ತಾಳೆ. ನಾನೂರು ಪುಟ ಗಳಿಸಿದ್ದನ್ನೆಲ್ಲ ಒಂದು ಜ್ವರಕ್ಕೆ ಒಪ್ಪಿಸಿಬಿಡುವುದೇ? ಪಿನ್ನಮ್ಮ ಹಲ್ಲು ಕಡಿಯುತ್ತ ಸ್ಟೇಪ್ಲರ್ ಎತ್ತಿಕೊಳ್ಳುತ್ತಿದ್ದಳು. ಕೊನೆಯ ಅಧ್ಯಾಯದ ಹಾಳೆಗಳನ್ನೆಲ್ಲ ಒಟ್ಟಿಗೆ ಹಿಡಿದು ಅಂಚಿಗೆ ಮೂರು ಕಡೆ ಪಿನ್ ಹೊಡೆದು, ಮೇಲೊಂದು ಚೀಟಿ ಅಂಟಿಸುತ್ತಿದ್ದಳು: "ಕಥೆ ಇಲ್ಲಿಗೆ ಮುಗಿಯಿತು. ಮುಂದಿನದಕ್ಕೆ ನಾನು ಜವಾಬ್ದಾರಳಲ್ಲ."

ಹಾಗಾದರೆ ಆಮೇಲೇನಾಯ್ತು ಎಂದು ಓದುಗರು ಕೇಳದೆ ಇರುತ್ತಾರೆಯೇ? ಪುಸ್ತಕ ವಾಪಸು ಕೊಡುವಾಗ ಕೇಳುತ್ತಿದ್ದರು. ಆಗ ಪಿನ್ನಮ್ಮ ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ, ತನ್ನದೇ ಕೊನೆಯನ್ನು ಹೇಳುತ್ತಿದ್ದಳು. ಅವಳ ಕೊನೆಗಳಲ್ಲಿ ಯಾವ ಗಂಡನಿಗೂ ಜ್ವರ ಬರುತ್ತಿರಲಿಲ್ಲ. ಬಂದರೂ ಅವನೇ ಮಾತ್ರೆ ನುಂಗಿ ಮಲಗುತ್ತಿದ್ದ. ನಾಯಕಿಗೆ ಯಾರೋ ಒಬ್ಬರು ಬಾಗಿಲು ತೆಗೆಯುತ್ತಿದ್ದರು, ಅವಳಿಗೊಂದು ರೂಮು ಸಿಗುತ್ತಿತ್ತು. ಕೇಳಿದವರು ತಲೆದೂಗಿ, ಹೌದಾ, ಒಳ್ಳೇದಾಯ್ತು ಬಿಡಿ ಎಂದು ಇನ್ನೊಂದು ಪುಸ್ತಕ ತೆಗೆದುಕೊಂಡು ಹೋಗುತ್ತಿದ್ದರು.

ಇದೊಂದು ಹುಚ್ಚು ಎನ್ನುವವರು ಅವಳ ಅಕ್ಕನ ಕಥೆಯನ್ನೂ ಕೇಳಬೇಕು. ಪಿನ್ನಮ್ಮ ಇನ್ನೂ ಕಾಲೇಜಿನಲ್ಲಿದ್ದಾಗ, ಮದುವೆಯಾಗಿ ಹೋಗಿದ್ದ ಅಕ್ಕ ಒಂದು ದಿನ ಬ್ಯಾಗು ಹಿಡಿದು ತವರಿಗೆ ವಾಪಸು ಬಂದಳು. ಕೆನ್ನೆಯ ಮೇಲಿನ ಗುರುತನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ತಂಗಿಯ ಮಂಚದಲ್ಲೇ ಮಲಗಿದಳು. ಅಕ್ಕತಂಗಿಯರು ಒಂದೇ ಕಾದಂಬರಿಯನ್ನು ಸರದಿಯ ಮೇಲೆ ಓದುತ್ತಿದ್ದರು. ಅದರಲ್ಲೂ ಒಬ್ಬಳು ಮನೆ ಬಿಟ್ಟು ಹೋಗುತ್ತಾಳೆ, ಅದರಲ್ಲೂ ಗಂಡ ಕೊನೆಗೆ ಕಣ್ಣೀರಿಡುತ್ತಾನೆ, ಅದರಲ್ಲೂ ಅವಳು ಹಿಂತಿರುಗುತ್ತಾಳೆ. ಅಕ್ಕ ಬೆಳಿಗ್ಗೆ ಕೊನೆಯ ಅಧ್ಯಾಯ ಮುಗಿಸಿದಳು. ಸಂಜೆ ಬ್ಯಾಗು ತುಂಬಿಕೊಂಡು ಗಂಡನ ಮನೆಗೆ ಹೊರಟುಹೋದಳು. ಅಕ್ಕನನ್ನು ವಾಪಸು ಕಳಿಸಿದ್ದು ಆ ದರಿದ್ರ ಅಧ್ಯಾಯವೇ ಎಂದು ತಂಗಿ ಅಂದೇ ತೀರ್ಮಾನಿಸಿದಳು. ಆಮೇಲೆ ಆ ತೀರ್ಮಾನವನ್ನು ತಿರುಗಿ ನೋಡಲೇ ಇಲ್ಲ.

ಅಲ್ಲಿ ಗಂಡನಿಗೆ ಜ್ವರವೂ ಬರಲಿಲ್ಲ, ಅವನು ಕಣ್ಣೀರೂ ಇಡಲಿಲ್ಲ. ಒಮ್ಮೆ ಪಿನ್ನಮ್ಮ ನಾಲ್ಕು ಜನರ ಎದುರಿಗೇ ಭಾವನ ಮುಖಕ್ಕೆ ಹೊಡೆದಂತೆ ಮಾತಾಡಿದ್ದಳು. ಅಂದಿನಿಂದ ತಂಗಿಯ ಮನೆ ಮೆಟ್ಟಿಲು ತುಳಿಯಬಾರದೆಂದು ಅವನು ಅಕ್ಕನಿಗೆ ಕಟ್ಟಪ್ಪಣೆ ಮಾಡಿದ. ವಾಚನಾಲಯದ ಮೆಟ್ಟಿಲು ಮಾತ್ರ ಅವನ ಲೆಕ್ಕಕ್ಕೆ ಬಂದಿರಲಿಲ್ಲ. ಹೆಂಗಸರ ಪುಸ್ತಕ ತಾನೇ, ಏನು ತಲೆಹೋಗುತ್ತದೆ ಎಂದು ಬಿಟ್ಟಿದ್ದ. ಹೀಗಾಗಿ ಪ್ರತಿ ಗುರುವಾರ ಮಧ್ಯಾಹ್ನ ಅಕ್ಕ ಬರುತ್ತಿದ್ದಳು. ಒಂದು ಪುಸ್ತಕ ಕೊಟ್ಟು, ಒಂದು ಪುಸ್ತಕ ತೆಗೆದುಕೊಂಡು, ಮೇಜಿನ ಆಚೆ ನಿಂತು ನಾಲ್ಕು ಮಾತಾಡಿ ಹೋಗುತ್ತಿದ್ದಳು. ಅಕ್ಕತಂಗಿಯರಿಗೆ ಈ ಭೂಮಿಯ ಮೇಲೆ ಉಳಿದಿದ್ದ ಜಾಗ ಆ ಮೇಜಿನಷ್ಟೇ. ಅಕ್ಕನಿಗೆ ಮಾತ್ರ ಪಿನ್ನಮ್ಮ ತನ್ನ ಪ್ರಶ್ನೆಯನ್ನು ಕೇಳುತ್ತಿರಲಿಲ್ಲ. ಗೊತ್ತಿರುವುದನ್ನು ಏನು ಕೇಳುವುದು? ಗಟ್ಟಿಯಾಗಿ ಪಿನ್ ಹೊಡೆದ ಪುಸ್ತಕವನ್ನೇ ಹುಡುಕಿ ಕೊಡುತ್ತಿದ್ದಳು.

ವಾಚನಾಲಯದ ಕಾರ್ಯದರ್ಶಿ ದೊಡ್ಡ ಕಚೇರಿಯೊಂದರಲ್ಲಿ ಅಧಿಕಾರ ನಡೆಸಿ ನಿವೃತ್ತರಾದವರು. ನಡೆಸಲು ಮನೆಯಲ್ಲಿ ಅಧಿಕಾರ ಸಾಲದೆ ಇಲ್ಲಿಗೆ ಬಂದಿದ್ದರು. ಒಂದು ಸಂಜೆ ಸೊಸೆ ಟೀಪಾಯಿಯ ಮೇಲೆ ಬಿಟ್ಟಿದ್ದ ಕಾದಂಬರಿಯನ್ನು ಅವರು ಕೈಗೆತ್ತಿಕೊಂಡರು. ಹಾಳೆ ತಿರುವುತ್ತ ಕೊನೆಗೆ ಬಂದರೆ ಮೂರು ಪಿನ್ನು, ಒಂದು ಚೀಟಿ. ಮಾರನೆಯ ದಿನ ಆ ಪುಸ್ತಕವನ್ನು ಕಳ್ಳಮಾಲು ಹಿಡಿದವರಂತೆ ಎರಡು ಬೆರಳಲ್ಲಿ ಎತ್ತಿಕೊಂಡು ಬಂದರು.

"ಏನಮ್ಮಾ ಇದು?"

"ಪುಸ್ತಕ ಸಾರ್."

"ಪುಸ್ತಕ ಅಂತ ನನಗೂ ಗೊತ್ತು. ಈ ಪಿನ್ನು?"

"ಕೊನೆ ಸರಿ ಇರಲಿಲ್ಲ ಸಾರ್. ಅದಕ್ಕೇ ಮುಚ್ಚಿದೆ."

ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬೀರು ತೆಗೆಸಿ ಒಂದೊಂದೇ ಪುಸ್ತಕ ನೋಡಿದರು. ಅರ್ಧಕ್ಕಿಂತ ಹೆಚ್ಚಿಗೆ ಪಿನ್ನಿತ್ತು. ಭಾನುವಾರ ಬೆಳಿಗ್ಗೆ ಸಮಿತಿಯ ಸಭೆ ಎಂದು ಬಾಗಿಲಿಗೆ ನೋಟೀಸು ಹಚ್ಚಿದರು. ವಿಷಯ ಎರಡು: ಪುಸ್ತಕ ಹಾಳು ಮಾಡಿದವರನ್ನು ಮೇಜಿನಿಂದ ತೆಗೆಯುವುದು, ಆ ಎರಡು ಬೀರುವಿನ ಪುಸ್ತಕಗಳನ್ನು ಅಟ್ಟಕ್ಕೆ ಹಾಕಿ ಅಲ್ಲಿ ಸ್ಪರ್ಧಾ ಪರೀಕ್ಷೆಯ ಗೈಡುಗಳನ್ನು ಇಡುವುದು.

ಪಿನ್ನಮ್ಮ ನೋಟೀಸು ಓದಿ ಕೆರಳಿದಳು. ಇಷ್ಟು ವರ್ಷ ಆ ಬೀರುಗಳ ಕಡೆ ತಿರುಗಿ ನೋಡಿದವರಿಲ್ಲ. ಗೆದ್ದಲು ಹತ್ತಿದಾಗ ಔಷಧಿ ತಂದು ಹಚ್ಚಿದವಳು ಅವಳು. ಹರಿದ ಬೆನ್ನಿಗೆ ಬಟ್ಟೆ ಅಂಟಿಸಿದವಳು ಅವಳು. ಆಗೆಲ್ಲ ಇವು ಕೆಲಸಕ್ಕೆ ಬಾರದ ಕಾದಂಬರಿಗಳು. ಮೂರು ಪಿನ್ನು ಕಂಡದ್ದೇ ತಡ, ಅಮೂಲ್ಯ ಗ್ರಂಥಗಳಾಗಿಬಿಟ್ಟವೇ? ಅಮೂಲ್ಯವಾಗಿದ್ದರೆ ಅಟ್ಟಕ್ಕೆ ಯಾಕೆ ಎಸೆಯುತ್ತಾರೆ? ಆದರೆ ಕೋಪದ ಅಡಿಯಲ್ಲಿ ಒಂದು ಭಯ ಕೂತಿತ್ತು. ಮೇಜು ಹೋದರೆ ಗುರುವಾರವೂ ಹೋಯಿತು. ಗುರುವಾರ ಹೋದರೆ ಅಕ್ಕನೂ ಹೋದಳು.

ಭಾನುವಾರ ಸಭೆಗೆ ಸಮಿತಿಯ ಗಂಡಸರು ಐದಾರು ಜನ ಬಂದು ಕ್ರೀಡಾಪುಟ ಬಿಡಿಸಿಕೊಂಡು ಕೂತರು. ಅವರ ಹಿಂದೆ ಒಬ್ಬೊಬ್ಬರಾಗಿ ಹೆಂಗಸರು ಮಹಡಿ ಹತ್ತಿ ಬಂದರು. ನರ್ಸ್ ಬಂದಳು, ಬಸ್ ಕಂಡಕ್ಟರ್ ಯೂನಿಫಾರ್ಮಿನಲ್ಲೇ ಬಂದಳು, ಕಾರ್ಯದರ್ಶಿಯ ಸೊಸೆ ಮಾವನ ಕಣ್ಣು ತಪ್ಪಿಸಿ ಕಂಬದ ಮರೆಗೆ ನಿಂತಳು. ಕೊನೆಗೆ ಏದುಸಿರು ಬಿಡುತ್ತ ಅಕ್ಕ ಬಂದಳು. ಗುರುವಾರವಲ್ಲದ ದಿನ ಅಕ್ಕನನ್ನು ಅಲ್ಲಿ ನೋಡಿ ಪಿನ್ನಮ್ಮ ಬೆಚ್ಚಿದಳು. ಮನೆಯಲ್ಲಿ ಏನು ಹೇಳಿ ಬಂದಳೋ, ಹೇಳದೆಯೇ ಬಂದಳೋ.

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡರು. "ಓದುಗರಿಗೆ ಪೂರ್ತಿ ಪುಸ್ತಕ ಓದೋ ಹಕ್ಕಿದೆ. ಅದನ್ನ ಈಯಮ್ಮ ಕಿತ್ಕೊಂಡಿದಾರೆ. ಇಷ್ಟು ವರ್ಷದಿಂದ ಒಬ್ಬ ಓದುಗರಿಗೂ ಕಥೆಯ ಕೊನೆ ಸಿಕ್ಕಿಲ್ಲ. ಇದು ಸಣ್ಣ ಅಪರಾಧ ಅಲ್ಲ."

ಓದುಗರ ಹಕ್ಕು ಎಂಬ ಮಾತು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. ಪಿನ್ನಮ್ಮ ಎದ್ದು ನಿಂತು ನಾಲ್ಕು ಮಾತು ಆಡಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಕಂಬದ ಮರೆಯಿಂದ ದನಿ ಬಂತು.

"ಸಿಕ್ಕಿದೆ ಮಾವ."

ಕಾರ್ಯದರ್ಶಿ ತಿರುಗಿ ನೋಡಿದರು. ಸೊಸೆ ನೆಲ ನೋಡುತ್ತ ಹೇಳಿದಳು. "ನೀವು ಆ ಪುಸ್ತಕ ಎತ್ಕೊಳ್ಳೋ ಮುಂಚೆನೇ ನಾನು ಕೊನೆ ಓದಿದ್ದೆ. ಹೇರ್‌ಪಿನ್ನಲ್ಲಿ ಬಿಡಿಸಿದ್ರೆ ಬರುತ್ತೆ. ಓದಿ, ಅದೇ ತೂತಿಗೆ ವಾಪಸ್ ಹಾಕಿ ಒತ್ತಿಬಿಟ್ರೆ ಗೊತ್ತಾಗಲ್ಲ."

"ಹೇರ್‌ಪಿನ್ ಯಾಕೆ, ಚಮಚದ ಹಿಡಿ ಸಾಕು," ಎಂದಳು ಕಂಡಕ್ಟರ್.

"ನಾನು ಆಸ್ಪತ್ರೆ ಚಿಮಟದಲ್ಲಿ ತೆಗೀತೀನಿ," ಎಂದಳು ನರ್ಸ್. "ಹಾಳೆಗೆ ನೋವಾಗಲ್ಲ."

ಕೂತಿದ್ದ ಹೆಂಗಸರಲ್ಲಿ ಕಿಸಕ್ಕನೆ ನಗು ಹಬ್ಬಿತು. ಒಬ್ಬಳಾದರೂ ಬಿಡಿಸದೆ ಇದ್ದವಳಿರಲಿಲ್ಲ. ಇಷ್ಟು ವರ್ಷ ಎಲ್ಲರೂ ಬಿಡಿಸಿದ್ದರು, ಎಲ್ಲರೂ ಓದಿದ್ದರು, ಎಲ್ಲರೂ ಮುಚ್ಚಿ ತಂದಿದ್ದರು. ತಂದು ಮೇಜಿನ ಎದುರು ನಿಂತು, ಆಮೇಲೇನಾಯ್ತು ಮೇಡಂ ಎಂದು ಏನೂ ಅರಿಯದವರಂತೆ ಕೇಳಿದ್ದರು.

ಪಿನ್ನಮ್ಮನ ಮುಖ ಕೆಂಪಗಾಯಿತು. "ಮತ್ತೆ ನನ್ನ ಕೇಳಿದ್ದು ಯಾಕೆ?"

"ನಿಮ್ಮ ಮನಸ್ಸಿಗೆ ಬೇಜಾರಾಗ್ಬಾರ್ದು ಅಂತ," ಎಂದಳು ನರ್ಸ್. "ಆಮೇಲೆ ನೀವು ಹೇಳೋ ಕೊನೆ ಕೇಳೋಕೂ ಇಷ್ಟ. ಒಂದು ಪುಸ್ತಕಕ್ಕೆ ಎರಡು ಕೊನೆ ಯಾರು ಕೊಡ್ತಾರೆ ಹೇಳಿ."

ಕಾರ್ಯದರ್ಶಿ ಮೇಜು ಕುಟ್ಟಿದರು. ಯಾರೂ ನಗು ನಿಲ್ಲಿಸಲಿಲ್ಲ. ಆಗ ಹಿಂದಿನ ಸಾಲಿನಿಂದ ಅಕ್ಕ ಎದ್ದಳು. ನಾಲ್ಕು ಗಂಡಸರ ಎದುರು ತುಟಿ ಪಿಟಕ್ಕೆನ್ನದ ಅಕ್ಕ.

"ನಾನೂ ಎಲ್ಲಾ ಬಿಡಿಸಿ ಓದಿದೀನಿ ಸಾರ್. ಯಾರಿಗೂ ಏನೂ ತಪ್ಪಿಲ್ಲ. ನೀವು ಇವಳನ್ನ ತೆಗೆದು, ಪುಸ್ತಕ ಅಟ್ಟಕ್ಕೆ ಹಾಕಿದ್ರೆ ಆಗ ತಪ್ಪುತ್ತೆ. ಮೊದಲ ಪುಟನೂ ತಪ್ಪುತ್ತೆ, ಕೊನೆ ಪುಟನೂ ತಪ್ಪುತ್ತೆ."

ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಿಗೂ ಏನೂ ತಪ್ಪಿಲ್ಲ ಎಂದ ಮೇಲೆ ದೂರು ಎಲ್ಲಿ ನಿಲ್ಲುತ್ತದೆ? ಪಿನ್ನುಗಳನ್ನೆಲ್ಲ ತೆಗೆಯಬೇಕು, ಇನ್ನು ಮುಂದೆ ಹೊಡೆಯಬಾರದು, ಉಳಿದದ್ದು ಇದ್ದ ಹಾಗೇ ಇರಲಿ ಎಂದು ತೀರ್ಮಾನವಾಯಿತು. ಕಾರ್ಯದರ್ಶಿ ಸೊಸೆಯ ಕಡೆ ನೋಡದೆ ಕೆಳಗಿಳಿದರು. ಗೈಡುಗಳಿಗೆ ಬೇರೆ ಬೀರು ತರಿಸುತ್ತಾರಂತೆ. ತರಿಸಲಿ.

ಗೆದ್ದವಳು ಖುಷಿಪಡಬೇಕಿತ್ತು. ಪಿನ್ನಮ್ಮನ ಕೋಪ ನೆತ್ತಿಗೇರಿತ್ತು. ಕೆಲಸ ಹೋಗಿದ್ದರೆ ಎದೆ ಸೆಟೆಸಿ ಹೋಗುತ್ತಿದ್ದಳು. ಈಗ ಊರ ಹೆಂಗಸರೆಲ್ಲ ಸೇರಿ ತನ್ನನ್ನು ಮಗುವಿನ ಹಾಗೆ ಸಮಾಧಾನ ಮಾಡುತ್ತಿದ್ದರೆಂದು ಗೊತ್ತಾಗಿ ಮೈ ಪರಚಿಕೊಳ್ಳುವಂತಾಗಿತ್ತು. ಮೆಟ್ಟಿಲಿಳಿಯುತ್ತಿದ್ದ ಅಕ್ಕನನ್ನು ಅರ್ಧದಲ್ಲೇ ತಡೆದಳು.

"ನೀನೂನಾ? ಬೇರೆಯವರು ಓದಲಿ. ನೀನು ಯಾಕೆ ಓದ್ದೆ? ಅಂಥ ಒಂದು ಕೊನೆ ಓದಿ ತಾನೆ ನೀನು ಹಾಳಾದದ್ದು? ಆ ಪುಸ್ತಕ ಮುಗಿಸಿದ ದಿನವೇ ಗಂಟುಮೂಟೆ ಕಟ್ಕೊಂಡು ವಾಪಸ್ ಹೋದೆ."

ಅಕ್ಕ ಅವಳನ್ನು ಬೆರಗಾಗಿ ನೋಡಿದಳು. ಕೆಳಗೆ ಅಂಗಡಿಯವನು ಟೈರಿಗೆ ಗಾಳಿ ತುಂಬುತ್ತಿದ್ದ. ಆ ಸದ್ದು ನಿಲ್ಲುವವರೆಗೆ ಅವಳು ಕಾದಳು.

"ಪುಸ್ತಕ ಓದಿ ಹೋದೆ ಅಂದ್ಕೊಂಡಿದ್ದೀಯಾ? ಅಯ್ಯೋ ಹುಚ್ಚಿ. ಕಥೆ ಯಾವುದು ಬದುಕು ಯಾವುದು ಅಂತ ಗೊತ್ತಾಗದಷ್ಟು ದಡ್ಡಿನಾ ನಾನು?"

"ಮತ್ತೆ?"

"ಅಪ್ಪ ಊಟಕ್ಕೆ ಕೂತಾಗೆಲ್ಲ ಯಾವಾಗ ಹೊರಡ್ತೀಯಾ ಅಂತಿದ್ರು. ಅಮ್ಮ ಬೀದಿಯವರಿಗೆ ಹೇಳೋಕೆ ದಿನಕ್ಕೊಂದು ಸುಳ್ಳು ಹುಡುಕ್ತಿದ್ಲು. ಅವತ್ತು ಮಧ್ಯಾಹ್ನ ನೀನು ಕಾಲೇಜಿಂದ ಬಂದೆ. ನಿನಗೆ ಪರೀಕ್ಷೆ ಇತ್ತು. ಅಕ್ಕಾ, ನೀನು ಯಾವಾಗ ಹೋಗ್ತೀಯಾ, ನನಗೆ ಓದೋಕೆ ಜಾಗನೇ ಇಲ್ಲ ಅಂದೆ." ಅಕ್ಕನ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಪಿನ್ನಮ್ಮನಿಗೆ ಎಷ್ಟೋ ಸುಲಭವಾಗುತ್ತಿತ್ತು. "ನೀನು ಹೇಳೋ ಕೊನೆಗಳಲ್ಲಿ ಎಲ್ಲರಿಗೂ ಯಾರೋ ಬಾಗಿಲು ತೆಗೀತಾರೆ. ಎಲ್ಲರಿಗೂ ಒಂದು ರೂಮು ಸಿಗುತ್ತೆ. ನನಗೆ ಅದೇ ಇಷ್ಟ. ನಮ್ಮನೇಲಿ ಇಲ್ಲೇ ಇದ್ದುಬಿಡು ಅಂತ ಒಬ್ರೂ ಅನ್ಲಿಲ್ಲ ಕಣೆ."

ಅಕ್ಕ ಇಳಿದುಹೋದಳು. ಹೊತ್ತಾದರೆ ಮನೆಯಲ್ಲಿ ಪ್ರಶ್ನೆ ಏಳುತ್ತದೆ.

ಪಿನ್ನಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟಳು. ತಾನು ಅಂಥ ಮಾತು ಆಡಿದ್ದು ಅವಳಿಗೆ ನೆನಪೇ ಇರಲಿಲ್ಲ. ಎಷ್ಟು ಕೆದಕಿದರೂ ಪರೀಕ್ಷೆ ನೆನಪಾಯಿತು, ಓದಿದ ಪಾಠ ನೆನಪಾಯಿತು, ಆ ಮಾತು ಮಾತ್ರ ನೆನಪಾಗಲಿಲ್ಲ. ಅಕ್ಕನಿಗೆ ಅದು ಅಕ್ಷರ ಬಿಡದಂತೆ ನೆನಪಿತ್ತು. ಇಷ್ಟು ವರ್ಷ ಅಚ್ಚಾದ ಹಾಳೆಯ ಮೇಲೆ ಹಲ್ಲು ಮಸೆದದ್ದು, ಯಾರೋ ಬರೆದ ಯಾವುದೋ ಗಂಡನ ಜ್ವರಕ್ಕೆ ಶಾಪ ಹಾಕಿದ್ದು, ಎಲ್ಲವೂ ಈಗ ತಿರುಗಿ ತನ್ನ ಕೆನ್ನೆಗೇ ಬಂದು ಬಡಿಯಿತು. ಕೋಪ ಎಲ್ಲಿಗೂ ಹೋಗಲಿಲ್ಲ. ಅದರ ವಿಳಾಸ ಮಾತ್ರ ಬದಲಾಯಿತು.

ಆ ವಾರವೆಲ್ಲ ಅವಳು ಪಿನ್ ಕಿತ್ತಳು. ಒಂದೊಂದು ಪಿನ್ನಿನ ಸುತ್ತಲೂ ತೂತು ಹಿಗ್ಗಿ ಸಡಿಲವಾಗಿತ್ತು. ಎಷ್ಟು ಸಲ ಬಿಚ್ಚಿ ಹಾಕಿದ್ದರೋ. ಇದನ್ನು ಕಂಡೂ ಕಾಣದೆ ಕೂತಿದ್ದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಚೀಟಿಗಳನ್ನು ಹರಿದು ಬುಟ್ಟಿಗೆ ಹಾಕಿದಳು. ಕೊನೆ ಹೇಗಿದೆ ಎಂದು ಕೇಳಿದವರಿಗೆ, "ನನಗೆ ಹಿಡಿಸಲಿಲ್ಲ. ಓದ್ಕೊಂಡು ಬನ್ನಿ, ಜಗಳ ಆಡೋಣ," ಎಂದಳು. ಅವರು ಬಂದು ಜಗಳವಾಡಿದರು. ಕಂಡಕ್ಟರಂತೂ ಜ್ವರ ಬಂದ ಗಂಡನ ಪರವಾಗಿ ವಾದ ಮಾಡಿ ಪಿನ್ನಮ್ಮನ ತಲೆ ತಿಂದಳು.

ಗುರುವಾರ ಮಧ್ಯಾಹ್ನ ಅಕ್ಕ ಬಂದಳು. ಏನೂ ಆಗದವಳಂತೆ ಪುಸ್ತಕವನ್ನು ಮೇಜಿನ ಮೇಲಿಟ್ಟು, "ಮುಂದೆ ಯಾವುದು ಓದ್ಲಿ?" ಎಂದಳು.

ಪಿನ್ನಮ್ಮ ಬೀರುವಿನ ಕಡೆ ತಿರುಗಲಿಲ್ಲ. ತನ್ನ ಸ್ಟೂಲನ್ನು ಮೇಜಿನ ಆಚೆ ತಳ್ಳಿದಳು.

"ಕೂತ್ಕೋ. ಮನೇಲಿ ಈಗ ಹೇಗಿದೆ?"

ಅಕ್ಕ ಕೂತಳು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಹೇಳತೊಡಗಿದಳು. ಪುಸ್ತಕಕ್ಕೆ ಬಂದವರು ಆ ಮುಖಗಳನ್ನು ನೋಡಿ ತಾವೇ ಬೀರುವಿಂದ ತೆಗೆದುಕೊಂಡು ಸದ್ದಿಲ್ಲದೆ ಹೋದರು. ಪಿನ್ನಮ್ಮ ನಡುವೆ ಒಂದು ಸಲವೂ ಬಾಯಿ ಹಾಕಲಿಲ್ಲ, ಭಾವನನ್ನು ಬೈಯಲೂ ಇಲ್ಲ. ನಾಲಿಗೆ ಕಚ್ಚಿ ಹಿಡಿದು ಕೇಳಿದಳು. ಕೇಳಿ ಮುಗಿದ ಮೇಲೆ ತನ್ನ ಬೀಗದ ಕೈ ಗೊಂಚಲಿನಿಂದ ಒಂದನ್ನು ಉಗುರಲ್ಲಿ ಬಿಡಿಸಿ, ಅಕ್ಕನ ಎದುರು ಮೇಜಿನ ಮೇಲಿಟ್ಟಳು.

"ನಮ್ಮನೇದು. ಹಿಂದಿನ ರೂಮು ಖಾಲಿ ಇದೆ. ಇವತ್ತೇ ಅನ್ನಲ್ಲ, ನಾಳೆನೇ ಅನ್ನಲ್ಲ. ಬಂದ ದಿನ ಇಲ್ಲೇ ಇದ್ದುಬಿಡು ಅಂತೀನಿ. ಯಾವಾಗ ಹೋಗ್ತೀಯಾ ಅಂತ ಕೇಳಲ್ಲ."

"ಇದೂ ನೀನು ಹೇಳೋ ಕೊನೆಗಳ ಥರಾನಾ?"

"ಅಲ್ಲ ಅಕ್ಕ. ಬೀಗ ಸ್ವಲ್ಪ ಗಟ್ಟಿ. ಬಾಗಿಲನ್ನ ನಿನ್ನ ಕಡೆ ಎಳ್ಕೊಂಡು ತಿರುಗಿಸ್ಬೇಕು."

ಅಕ್ಕ ಬೀಗದ ಕೈಯನ್ನು ಎತ್ತಿ ಅಂಗೈಯಲ್ಲಿಟ್ಟು ನೋಡಿದಳು. ವಾಪಸು ಇಡುತ್ತಾಳೇನೋ ಎಂದು ಪಿನ್ನಮ್ಮ ಆ ಅಂಗೈಯನ್ನೇ ನೋಡಿದಳು.

"ಆ ರೂಮಿಗೆ ಕಿಟಕಿ ಇದೆಯಾ?" ಎಂದು ಕೇಳಿದಳು ಅಕ್ಕ.

"ಇದೆ. ರಸ್ತೆ ಕಾಣುತ್ತೆ."

ಇಷ್ಟು ವರ್ಷ ಅಲ್ಲಿ ಹಳೇ ಪತ್ರಿಕೆಗಳ ಕಟ್ಟು ಒಟ್ಟಿದ್ದೆನಲ್ಲ ಎಂದು ನೆನಪಾಗಿ ಪಿನ್ನಮ್ಮನಿಗೆ ತನ್ನ ಮೇಲೆ ಕೆಂಡದಂಥ ಸಿಟ್ಟು ಬಂತು. ಅಕ್ಕ ಬೀಗದ ಕೈಯನ್ನು ಚೀಲದ ಒಳಜೇಬಿಗೆ ಹಾಕಿ ಜಿಪ್ ಎಳೆದಳು. ಅವಳು ಮೆಟ್ಟಿಲಿಳಿದದ್ದೇ ಪಿನ್ನಮ್ಮ ಕ್ರೀಡಾಪುಟದವರನ್ನು ಹೊರಗೆ ಕಳಿಸಿ, ಹೊತ್ತಿಗೆ ಮುಂಚೆಯೇ ವಾಚನಾಲಯದ ಬಾಗಿಲು ಹಾಕಿ, ಆ ರೂಮು ಗುಡಿಸಲು ಮನೆಗೆ ಓಡಿದಳು.